ಮೋಟಾರಿಗೆ ದೃಷ್ಟಿ ತಾಗಿಲ್ಲ, ಟ್ಯಾಂಕಿಗೆ ಗಾಳಿ ಸಿಕ್ಕಿಲ್ಲ

ಟ್ಯಾಂಕಿನಿಂದ ಪೆಟ್ರೋಲನ್ನು ಯಾವ ಪಂಪೂ ಎಳೆಯುವುದಿಲ್ಲ. ತಳ್ಳುವುದು ಗಾಳಿ. ಬೋಟಿನ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಮೋಟಾರು ನಡುನೀರಿನಲ್ಲಿ ಕೈಕೊಟ್ಟಾಗ ಇಷ್ಟು ನೆನಪಿದ್ದರೆ ಅರ್ಧ ರಿಪೇರಿ ಆದಂತೆ.

ಎಳನೀರಿನ ತೂತಿಗೆ ಸ್ಟ್ರಾ ಬಿಗಿಯಾಗಿ ಕೂತಿದ್ದರೆ ಏನಾಗುತ್ತೆ? ಎರಡು ಗುಟುಕು ಬರುತ್ತದೆ, ಆಮೇಲೆ ಕೆನ್ನೆ ಒಳಗೆ ಹೋಗುವಷ್ಟು ಹೀರಿದರೂ ಇಲ್ಲ. ಸ್ಟ್ರಾ ಅಲುಗಾಡಿಸಿ ಸ್ವಲ್ಪ ಸಂದು ಮಾಡಿ, ಮತ್ತೆ ಸರಾಗ. ಬಾಯಿ ಮಾಡುವುದು ಸ್ಟ್ರಾದೊಳಗಿನ ಒತ್ತಡ ಇಳಿಸುವ ಕೆಲಸ ಮಾತ್ರ. ನೀರನ್ನು ಮೇಲೆ ನೂಕುವುದು ಬುರುಡೆಯೊಳಗಿನ ಗಾಳಿ. ಮೋಟಾರಿನ ಡಯಾಫ್ರಮ್ ಪಂಪ್, ಅಂದರೆ ತೆಳು ಪೊರೆ ಹಿಂದೆ ಮುಂದೆ ಆಡುವ ಪುಟ್ಟ ಪಂಪು, ಮಾಡುವುದೂ ಬಾಯಿಯ ಕೆಲಸವನ್ನೇ.

ಹೀರುವ ಪಂಪು ಬಾವಿ ನೀರನ್ನು ಸುಮಾರು 10 ಮೀಟರಿಗಿಂತ ಮೇಲೆ ಯಾಕೆ ಎತ್ತುವುದಿಲ್ಲ ಎಂದು ಇಟಲಿಯವರು ಬಹಳ ತಲೆ ಕೆಡಿಸಿಕೊಂಡಿದ್ದರು. ಗಾಳಿಗೆ ತೂಕವಿದೆ, ಅದು ಅಷ್ಟೇ ತಳ್ಳಬಲ್ಲದು ಎಂದದ್ದು ಅಲ್ಲಿಯ ವಿಜ್ಞಾನಿ ಟೊರಿಚೆಲ್ಲಿ. ಸಮುದ್ರಮಟ್ಟದಲ್ಲಿ ಗಾಳಿ ಪಾದರಸವನ್ನು 76 ಸೆಂ.ಮೀ. ಎತ್ತಿ ಹಿಡಿಯುತ್ತದೆ. ಎತ್ತರದಲ್ಲಿರುವ ನಮ್ಮ ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ಮೇಲೆ ಸುಮಾರು 70. ಕಡಿಮೆ ನಿಜ, ಆದರೆ ಮೊಳದೆತ್ತರದ ಮೋಟಾರಿಗೆ ಪೆಟ್ರೋಲ್ ಏರಿಸಲು ಧಾರಾಳ ಸಾಕು.

ಆ ಗಾಳಿ ಒಳಗೆ ಹೋಗಲೆಂದೇ ಟ್ಯಾಂಕಿನ ಮುಚ್ಚಳದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಸಾಗಿಸುವಾಗ ಚೆಲ್ಲದಿರಲಿ ಎಂದು ಬಿಗಿ ಮಾಡಿರುತ್ತಾರೆ, ಹೊರಡುವಾಗ ಮರೆಯುತ್ತಾರೆ. ಮೋಟಾರು ಸ್ವಲ್ಪ ಹೊತ್ತು ಓಡಿ, ಉಸಿರು ಕಟ್ಟಿ ನಿಲ್ಲುತ್ತದೆ. ಯಾರದೋ ಕಣ್ಣು ಬಿತ್ತು ಅಂತ ನಿಂಬೆಹಣ್ಣು ಇಳಿಸಿ ತೆಗೆಯುತ್ತಾರೆ. ಅಷ್ಟರಲ್ಲಿ ಮುಚ್ಚಳದ ಸಂದಿಯಿಂದ ಗಾಳಿ ನಿಧಾನ ನುಸುಳಿರುತ್ತದೆ, ಮೋಟಾರು ಸ್ಟಾರ್ಟ್ ಆಗುತ್ತದೆ! ಹೆಸರು ನಿಂಬೆಹಣ್ಣಿಗೆ. ಇನ್ನೊಂದಿಷ್ಟು ದೂರ ಹೋದರೆ ಮತ್ತೆ ಅದೇ ಕಥೆ. ಕಾಯಿ ಒಡೆಯಲಿ ಬೇಕಾದರೆ, ಮೊದಲು ಸ್ಕ್ರೂ ಸಡಿಲಿಸಲಿ.

ಪ್ಲಗ್ ಬಿಚ್ಚುವ ಆತುರವೂ ಬೇಡ. ಪೈಪಿನ ನಡುವೆ ಕೈಯಿಂದ ಹಿಸುಕಿ ಪೆಟ್ರೋಲ್ ಹಾಯಿಸುವ ರಬ್ಬರ್ ಬಲ್ಬ್ ಇರುತ್ತದೆ, ಮುಟ್ಟಿ ನೋಡಿ, ಅದೇ ಹೇಳುತ್ತದೆ. ಓಡುತ್ತಿರುವಾಗ ಬಲ್ಬ್ ಚಪ್ಪಟೆಯಾದರೆ ತಡೆ ಟ್ಯಾಂಕಿನ ಕಡೆ ಇದೆ: ಸ್ಕ್ರೂ, ಒಳಗಿನ ಜಾಲರಿ, ಇಲ್ಲವೇ ಮಡಚಿಕೊಂಡ ಪೈಪು. ಎಷ್ಟು ಹಿಸುಕಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ, ಅಥವಾ ಬಲ್ಬಿನ ವಾಲ್ವ್ ಹೋಗಿದೆ. ಬಲ್ಬಿನ ಮೇಲಿನ ಬಾಣ ಮೋಟಾರಿನ ಕಡೆಗಿರಬೇಕು, ಉಲ್ಟಾ ಹಾಕಿದವರೂ ಇದ್ದಾರೆ. ಹಿಸುಕುತ್ತಿದ್ದಷ್ಟು ಹೊತ್ತು ಮಾತ್ರ ಓಡಿದರೆ ಪಂಪಿನ ಡಯಾಫ್ರಮ್ ಮೇಲೆ ಅನುಮಾನಪಡಿ. ಬಲ್ಬ್ ಗಟ್ಟಿಯಾಗೇ ಇದ್ದೂ ಪೆಟ್ರೋಲ್ ಬರದಿದ್ದರೆ ಮುಂದಿನ ಫಿಲ್ಟರ್, ಕಾರ್ಬುರೇಟರ್ ನೋಡಿ.

ಈಗ ಬಂಕಿನ ಪೆಟ್ರೋಲಿನಲ್ಲಿ 20% ವರೆಗೆ ಎಥೆನಾಲ್ ಇರುತ್ತದೆ, ಅದಕ್ಕೆ ನೀರಿನ ಮೋಹ ಜಾಸ್ತಿ. ಮಳೆಗಾಲ ಪೂರ್ತಿ ಸುಮ್ನೆ ನಿಂತ ಟ್ಯಾಂಕಿನಲ್ಲಿ ನೀರು, ಎಥೆನಾಲ್ ಎರಡೂ ಸೇರಿ ತಳಕ್ಕೆ ಇಳಿಯಬಹುದು. ಪೈಪಿನ ಬಾಯಿ ಇರುವುದೂ ತಳದಲ್ಲೇ ಅಲ್ವಾ? ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಸ್ವಲ್ಪ ಹೊತ್ತು ಇಡಿ. ಕೆಳಗೆ ಬೇರೆ ಪದರ ಕಂಡರೆ ಆ ಪೆಟ್ರೋಲ್ ಮೋಟಾರಿಗೆ ಬೇಡ.