ಕಂಚಿನ ಕಂಠ ಮತ್ತು ಜೋಗುಳದ ದನಿ

ಟಿವಿಯ ಹಾಡಿನ ಸ್ಪರ್ಧೆ ನೋಡಿ. ಗಂಟಲು ತುಂಬಿ ತಾರಸ್ಥಾಯಿಗೆ ಏರಿದವರಿಗೆ ಚಪ್ಪಾಳೆಯೋ ಚಪ್ಪಾಳೆ. ಮೆಲ್ಲಗೆ ಹಾಡಿದವರಿಗೆ ಮಾತ್ರ, ‘ಚೆನ್ನಾಗಿತ್ತು, ಇನ್ನೂ ಸ್ವಲ್ಪ ಪವರ್ ಬೇಕಿತ್ತು.’ ಇದನ್ನು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ದೊಡ್ಡ ದನಿಗೆ ಬೆಲೆ ಬಂದದ್ದು ಸುಮ್ನೆ ಅಲ್ಲ. ಮೈಕು ಬರುವ ಮುಂಚೆ ಯಕ್ಷಗಾನದ ಭಾಗವತರು ಚೆಂಡೆಯ ಸದ್ದು ದಾಟಿಸಿ, ಬಯಲಿನ ಕೊನೆಯಲ್ಲಿ ಕೂತವರಿಗೂ ಪದ ಮುಟ್ಟಿಸಬೇಕಿತ್ತು. ಬಯಲಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕಂಪನಿ ನಾಟಕದವರದೂ ಅದೇ ಪಾಡು.

ಆದರೆ ಬರೀ ಕೂಗಿದರೆ ಆಗಲ್ಲ. ‘ಕಂಚಿನ ಕಂಠ’ ಅನ್ನುತ್ತೇವಲ್ಲ, ಗುಟ್ಟು ಆ ಕಂಚಿನಲ್ಲೇ ಇದೆ. ಉಸಿರಿನ ಒತ್ತಡ ಹೆಚ್ಚಿದಾಗ ಗಂಟಲಿನ ಧ್ವನಿತಂತುಗಳು ಪ್ರತಿ ಸಲವೂ ರಪ್ಪನೆ ಮುಚ್ಚಿಕೊಳ್ಳುತ್ತವೆ. ಆ ರಭಸಕ್ಕೆ ಮೂಲ ಸ್ವರದ ಮೇಲಿನ ಉಪಸ್ವರಗಳು ಜೋರಾಗುತ್ತವೆ. ಗಂಟೆಯ ಹಾಗೆ ಠಣ್ ಅನ್ನುವ ಗುಣ ಬರುವುದು ಅವುಗಳಿಂದ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಒಪೆರಾ ಗಾಯಕರ ದನಿ ಅಳೆದರು. ಗಂಡಸರ ದನಿಯಲ್ಲಿ 3000 ಹರ್ಟ್ಸ್ ಆಸುಪಾಸಿನಲ್ಲಿ ಗುಡ್ಡದಂಥ ಒಂದು ಏರು ಕಂಡಿತು. ವಾದ್ಯಮೇಳದ ಸದ್ದಿನ ಬಲವೆಲ್ಲ ಹೆಚ್ಚಾಗಿ 500 ಹರ್ಟ್ಸ್ ಸುತ್ತ. ಅಂದರೆ ವಾದ್ಯಗಳು ಸೊರಗುವ ಜಾಗದಲ್ಲೇ ಗಾಯಕನ ದನಿ ತಲೆಯೆತ್ತುತ್ತದೆ. ನಮ್ಮ ಕಿವಿಯ ನಾಳ ಹಿಗ್ಗಿಸಿ ಕೇಳಿಸುವುದೂ ಸರಿಸುಮಾರು ಅದೇ ಸದ್ದನ್ನು. ಎಂಥ ಹೊಂದಾಣಿಕೆ, ಅಲ್ವಾ?

1925ರಲ್ಲಿ ಮೈಕಿನ ರೆಕಾರ್ಡಿಂಗ್ ಬಂತು. ಅಲ್ಲಿಯವರೆಗೆ ಕೊಳವೆಯ ಬಾಯಿಗೆ ಗಟ್ಟಿಯಾಗಿ ಹಾಡಬೇಕಿತ್ತು. ಈಗ ಕಿವಿಯ ಪಕ್ಕ ಕೂತು ಹಾಡಿದಂತೆ ಹಾಡಬಹುದಾಯಿತು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೆರೆಯ ಮೇಲೆ ರಾಜ್‌ಕುಮಾರ್, ಹಿಂದೆ ಪಿ.ಬಿ. ಶ್ರೀನಿವಾಸ್ ಅವರ ಮೆಲುದನಿ. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್ 1974ರಿಂದ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಒಂದೇ ಮುಖ, ಎರಡು ದನಿ. ಜನ ಎರಡನ್ನೂ ಎದೆಗಪ್ಪಿಕೊಂಡರು.

ಹಾಗಾದರೆ ಮೆಲ್ಲಗೆ ಹಾಡುವುದು ಸುಲಭವಾ? ಈಗಲೇ ಒಂದು ಸ್ವರ ಹಿಡಿದು ನೋಡಿ. ಅದನ್ನು ನಿಧಾನಕ್ಕೆ ಸಣ್ಣದು ಮಾಡುತ್ತಾ ಬನ್ನಿ. ಒಂದು ಹಂತದಲ್ಲಿ ದನಿ ನಡುಗುತ್ತದೆ, ಆಮೇಲೆ ಪಟ್ಟನೆ ಕಡಿಯುತ್ತದೆ. ತಂತುಗಳು ಅದುರಲು ಉಸಿರಿಗೆ ಇಷ್ಟು ಒತ್ತಡ ಇರಲೇಬೇಕು ಅಂತ ಒಂದು ಮಟ್ಟವಿದೆ. ಅದಕ್ಕಿಂತ ಕೆಳಗಾದರೆ ಸದ್ದೇ ಇಲ್ಲ. ಸ್ವರ ಮೇಲೇರಿದಷ್ಟೂ ಆ ಮಟ್ಟವೂ ಏರುತ್ತದೆ. ಮೇಲಿನ ಸ್ವರವನ್ನು ಮೆಲ್ಲಗೆ ಹಾಡುವುದು ಅದಕ್ಕೇ ಅಷ್ಟು ಕಷ್ಟ. ಇನ್ನೊಂದು ತೊಡಕೂ ಇದೆ. ಒತ್ತಡ ಇಳಿಸಿದರೆ ಶ್ರುತಿಯೂ ಜಾರಲು ನೋಡುತ್ತದೆ. ಜಾರದಂತೆ ಗಂಟಲಿನ ಸಣ್ಣ ಸ್ನಾಯುಗಳು ತಂತುಗಳನ್ನು ಅದೇ ಹೊತ್ತಿಗೆ ತುಸು ಬಿಗಿಯಬೇಕು. ಎಷ್ಟು ಬಿಗಿಯಬೇಕು ಅನ್ನುವುದಕ್ಕೆ ಕಿವಿಯೇ ಅಳತೆಗೋಲು.

ನನ್ನ ಚಿಕ್ಕಮ್ಮ ವೇದಿಕೆ ಹತ್ತಿದವರಲ್ಲ. ಮಗು ತೊಟ್ಟಿಲಲ್ಲಿ ಕಣ್ಣು ಮುಚ್ಚತೊಡಗಿದಂತೆ ಅವರ ಜೋಗುಳ ಸಣ್ಣಗಾಗುತ್ತಾ ಹೋಗುತ್ತಿತ್ತು. ಕೊನೆಗೆ ತೊಟ್ಟಿಲ ಹಗ್ಗದ ಕಿರುಗುಟ್ಟುವಿಕೆಗಿಂತಲೂ ಸಣ್ಣಗೆ. ಆಗಲೂ ಶ್ರುತಿ ಒಂದಿಷ್ಟೂ ಇಳಿಯುತ್ತಿರಲಿಲ್ಲ.