ಬುದ್ಧಿಗೆ ಎಂಟು ಬಂದವನು ಪೆದ್ದನಲ್ಲ

ದಾಳ ಉರುಳಿಸಿ ಕಾಲ್ಪನಿಕ ಪಾತ್ರಗಳ ಸಾಹಸ ನಡೆಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಆಡುವವರ ನಡುವೆ ಬಹುಕಾಲದಿಂದ ಚಲಾವಣೆಯಲ್ಲಿರುವ ಒಂದು ಸೂತ್ರವಿದೆ: ಪಾತ್ರದ ಇಂಟೆಲಿಜೆನ್ಸ್, ಅಂದರೆ ಬುದ್ಧಿಯ ಅಂಕವನ್ನು ಹತ್ತರಿಂದ ಗುಣಿಸಿದರೆ ಆ ಪಾತ್ರದ ಐಕ್ಯೂ (ಬುದ್ಧಿಪರೀಕ್ಷೆಯ ಅಂಕ) ಸಿಗುತ್ತದೆ. ದಾವಣಗೆರೆಯ ವಿದ್ಯಾನಗರದ ಕಡೆ ಬಾಡಿಗೆ ಕೋಣೆಗಳಲ್ಲಿ ಶನಿವಾರ ರಾತ್ರಿ ಈ ಆಟಕ್ಕೆ ಕೂರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದನ್ನು ನಂಬಿದ್ದಾರೆ. ಸಂಭವನೀಯತೆಯ ಪರೀಕ್ಷೆ ಬರೆದು ಪಾಸಾದವರೇ ಹೀಗೆ ನಂಬುವುದನ್ನು ನೋಡಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಸೂತ್ರ ಸುಳ್ಳು, ಅದನ್ನು ಸುಳ್ಳೆಂದು ತೋರಿಸುವ ಪುರಾವೆ ಅವರ ಮುಂದೆಯೇ, ಮಂಡಕ್ಕಿ-ಮಿರ್ಚಿಯ ತಟ್ಟೆಯ ಪಕ್ಕದಲ್ಲಿ, ಆರು ಮುಖದ ದಾಳಗಳ ರೂಪದಲ್ಲಿ ಬಿದ್ದಿರುತ್ತದೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ, ಪಾತ್ರದ ಆರು ಗುಣಗಳಲ್ಲಿ ಪ್ರತಿಯೊಂದಕ್ಕೂ ಮೂರು ದಾಳಗಳನ್ನು ಉರುಳಿಸಿ ಬಂದ ಮೊತ್ತವನ್ನು ಬರೆದುಕೊಳ್ಳಬೇಕಿತ್ತು. ಮೂರು ದಾಳಗಳು ಒಟ್ಟು 216 ಬಗೆಯಲ್ಲಿ ಬೀಳಬಹುದು. ಮೊತ್ತ 18 ಆಗಬೇಕಾದರೆ ಮೂರರಲ್ಲೂ ಆರೇ ಬೀಳಬೇಕಾದ್ದರಿಂದ ಅದಕ್ಕಿರುವುದು ಒಂದೇ ದಾರಿ. 17ಕ್ಕೆ ಮೂರು ದಾರಿ, 16ಕ್ಕೆ ಆರು, 15ಕ್ಕೆ ಹತ್ತು. ಹೀಗೆ ಹೆಚ್ಚುತ್ತಾ ಬಂದು 11ಕ್ಕೆ 27, 10ಕ್ಕೂ 27, ಅಲ್ಲಿಂದ ಮುಂದೆ ಅದೇ ಲೆಕ್ಕದಲ್ಲಿ ಇಳಿಯುತ್ತಾ ಹೋಗಿ 3ಕ್ಕೆ ಮತ್ತೆ ಒಂದೇ ದಾರಿ ಉಳಿಯುತ್ತದೆ. ಈ ಎಣಿಕೆ ಈಗ ಸುಲಭವೆನಿಸಿದರೂ ಹಿಂದೆ ದೊಡ್ಡವರನ್ನೇ ಯೋಚನೆಗೆ ಹಚ್ಚಿತ್ತು. 9 ಮತ್ತು 10 ಎರಡನ್ನೂ ಮೂರು ದಾಳಗಳ ಮೊತ್ತವಾಗಿ ಆರಾರು ವಿಧದಲ್ಲಿ ಬರೆಯಬಹುದು, ಆದರೂ ಆಡುವಾಗ 10 ಹೆಚ್ಚು ಸಲ ಬೀಳುತ್ತದಲ್ಲ ಎಂಬ ಜೂಜುಕೋರರ ಗೊಂದಲಕ್ಕೆ 17ನೆಯ ಶತಮಾನದ ಆರಂಭದಲ್ಲಿ ಗೆಲಿಲಿಯೊ ಉತ್ತರ ಬರೆದ. 3, 3, 3 ಬೀಳುವುದು ಒಂದೇ ರೀತಿಯಲ್ಲಿ, 1, 2, 6 ಬೀಳುವುದು ಆರು ರೀತಿಯಲ್ಲಿ. ಹಾಗೆ ಬಿಡಿಸಿ ಎಣಿಸಿದರೆ 9ಕ್ಕೆ 25, 10ಕ್ಕೆ 27. ಗಣಿತವಿಲ್ಲದೆ ಬರೀ ಆಟದಿಂದಲೇ ಇಷ್ಟು ಸಣ್ಣ ವ್ಯತ್ಯಾಸವನ್ನು ಗುರುತಿಸಿದ್ದ ಆ ಜೂಜುಕೋರರು ಎಷ್ಟು ಆಡಿದ್ದಿರಬೇಕು! ನಮ್ಮ ನಳನ ಕಥೆಯಲ್ಲಿ ಋತುಪರ್ಣ ರಾಜನು ತಾರೆಮರದ ಎಲೆ-ಕಾಯಿಗಳ ಸಂಖ್ಯೆಯನ್ನು ನಿಂತಲ್ಲೇ ಅಂದಾಜು ಮಾಡಿ, ದಾಳದ ರಹಸ್ಯವಾದ ಅಕ್ಷಹೃದಯವನ್ನು ನಳನಿಗೆ ಉಪದೇಶಿಸುತ್ತಾನೆ. ಹಿಂದೆ ಆ ತಾರೆಕಾಯಿಯನ್ನೇ ದಾಳವಾಗಿ ಬಳಸುತ್ತಿದ್ದರೆಂಬುದನ್ನು ನೆನೆದರೆ, ಎಣಿಕೆಗೂ ಜೂಜಿಗೂ ನಂಟಿದೆಯೆಂದು ಕಥೆ ಕಟ್ಟಿದವರಿಗೆ ಚೆನ್ನಾಗಿಯೇ ಗೊತ್ತಿತ್ತೆನ್ನಬೇಕು.

ಈಗ ಗುಣಾಕಾರದ ಸೂತ್ರಕ್ಕೆ ಬರೋಣ. ಪ್ಯಾರಿಸಿನ ಶಾಲೆಗಳಲ್ಲಿ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ 1905ರಲ್ಲಿ ಸಿದ್ಧಪಡಿಸಿದ ಪರೀಕ್ಷೆಯಿಂದ ಹುಟ್ಟಿದ ಬುದ್ಧಿಮಾಪನವನ್ನು 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ರೂಪಿಸಿದರು. 1939ರಲ್ಲಿ ಡೇವಿಡ್ ವೆಕ್ಸ್ಲರ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸುವ ಹಳೆಯ ಕ್ರಮವನ್ನು ಕೈಬಿಟ್ಟು, ಒಬ್ಬ ವ್ಯಕ್ತಿ ತನ್ನ ವಯಸ್ಸಿನವರ ಸರಾಸರಿಯಿಂದ ಎಷ್ಟು ದೂರದಲ್ಲಿದ್ದಾನೆ ಎಂಬುದನ್ನೇ ಅಂಕವನ್ನಾಗಿಸಿದರು. ಸರಾಸರಿಯನ್ನು 100 ಎಂದೂ ಮಾನಕ ವಿಚಲನೆಯನ್ನು (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆಯನ್ನು) 15 ಎಂದೂ ಇಟ್ಟುಕೊಂಡ ಆ ಅಳತೆಯಲ್ಲಿ 80 ಅಥವಾ ಅದಕ್ಕಿಂತ ಕಡಿಮೆ ಪಡೆಯುವವರು ನೂರಕ್ಕೆ ಸುಮಾರು ಒಂಬತ್ತು ಜನ. ಆದರೆ ಮೂರು ದಾಳಗಳಲ್ಲಿ 8 ಅಥವಾ ಅದಕ್ಕಿಂತ ಕಡಿಮೆ ಬರುವ ದಾರಿಗಳು 56, ಎಂದರೆ ನೂರಕ್ಕೆ 26. ನಾಲ್ವರಲ್ಲಿ ಒಬ್ಬರಿಗೆ ಬರುವ ಅಂಕವನ್ನು ಹನ್ನೊಂದು ಜನರಲ್ಲಿ ಒಬ್ಬರಿಗೆ ಬರುವ ಅಂಕಕ್ಕೆ ಸಮವೆಂದು ಹೇಳುವುದು ಹೇಗೆ? ಮೂರು ದಾಳಗಳ ಮೊತ್ತದ ಸರಾಸರಿ 10.5, ಮಾನಕ ವಿಚಲನೆ ಸುಮಾರು 3 ಆಗಿರುವುದರಿಂದ, ಇಂಟೆಲಿಜೆನ್ಸ್ 8 ಎಂಬುದು ಐಕ್ಯೂ 87ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅದು ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ದಿನವೂ ಎದುರಾಗುವ, ಎದುರಾದರೂ ನಮಗೆ ಗೊತ್ತಾಗದ ಅಂಕ. ಇನ್ನೊಂದು ತುದಿಯಲ್ಲಿ ಸೂತ್ರ ಇನ್ನೂ ಹಾಸ್ಯಾಸ್ಪದವಾಗುತ್ತದೆ. 216ರಲ್ಲಿ ಒಮ್ಮೆ ಬರುವ 18ನ್ನು ಅದು ಐಕ್ಯೂ 180 ಎನ್ನುತ್ತದೆ, ಆದರೆ ವೆಕ್ಸ್ಲರ್ ಅಳತೆಯಲ್ಲಿ 180 ಎಂದರೆ ಎರಡು ಕೋಟಿ ಜನರಲ್ಲಿ ಒಬ್ಬರು. ಸರಿಯಾದ ಸಮಾನಾಂಕ 138ರ ಸುತ್ತಮುತ್ತ ಇದೆ.

ಈ ತಪ್ಪು ಲೆಕ್ಕ ಆಟವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಅದೇ ವಿದ್ಯಾನಗರದ ಒಂದು ಕೋಣೆಯಲ್ಲಿ ಪಕ್ಕದಲ್ಲಿ ಕೂತು ನೋಡಿದ್ದೇನೆ. ಡಂಜನ್ ಮಾಸ್ಟರ್, ಅಂದರೆ ಆಟದ ಕಥೆ ನಡೆಸುವವನಾಗಿದ್ದ ಹಿರಿಯ ವಿದ್ಯಾರ್ಥಿ ಏಳು ಸುತ್ತಿನ ಕೋಟೆಯೊಂದನ್ನು ಕಲ್ಪಿಸಿದ್ದ. ಅವನು ಚಿತ್ರದುರ್ಗದವನೆಂದು ಬೇರೆ ಹೇಳಬೇಕಾಗಿರಲಿಲ್ಲ. ಕುರಿ ಕಾಯುತ್ತಿದ್ದು ಯೋಧನಾದ ಭರಮಣ್ಣ ಎಂಬ ಪಾತ್ರಕ್ಕೆ ಇಂಟೆಲಿಜೆನ್ಸ್ 8. ಆ ಪಾತ್ರವನ್ನು ಆಡುತ್ತಿದ್ದ ಹುಡುಗ ಬಾಯಿ ತೆರೆದು, ಕಣ್ಣು ಮೇಲೆ ಮಾಡಿ, "ಭರಮ ಬಾಗ್ಲು ನೋಡ್ದ. ಭರಮ ಬಾಗ್ಲು ಒಡೀತಾನ" ಎಂದು ತೊದಲಿದ. ಬಾಗಿಲಿಗೆ ಅಗುಳಿಯೇ ಇಲ್ಲವಲ್ಲೋ ಎಂದು ಮಾಸ್ಟರ್ ಕೇಳಿದಾಗ, "ಅಣ್ಣಾ, ಅವ್ನಿಗೆ ಬುದ್ಧಿ ಎಂಟೇ ಐತಿ" ಎಂಬ ಉತ್ತರ ಬಂತು. ಎಲ್ಲರೂ ನಕ್ಕರು. ಬುದ್ಧಿಮಾಂದ್ಯ ಮಗುವಿರುವ ಮನೆಯವರು ಆ ಕೋಣೆಯಲ್ಲಿದ್ದಿದ್ದರೆ ನಗುತ್ತಿರಲಿಲ್ಲ ಎಂಬುದು ಒಂದು ಮಾತು. ಆಟದ ನಿಯಮವೇ ಈ ನಟನೆಯನ್ನು ಬೆಂಬಲಿಸುವುದಿಲ್ಲ ಎಂಬುದು ಇನ್ನೊಂದು. 2014ರ ನಿಯಮಗಳಲ್ಲಿ ದಾಳ ಉರುಳಿಸದವರಿಗೆ ಸಿದ್ಧವಾಗಿ ಕೊಡುವ ಅಂಕಗಳೇ 15, 14, 13, 12, 10 ಮತ್ತು 8. ಹಾಗಾಗಿ ಹಾಗೆ ಅಂಕ ಪಡೆದ ಪ್ರತಿಯೊಂದು ಪಾತ್ರಕ್ಕೂ ಯಾವುದಾದರೊಂದು ಗುಣದಲ್ಲಿ ಆರಂಭಕ್ಕೆ ಎಂಟು ಸಿಕ್ಕೇ ಸಿಗುತ್ತದೆ. ದಾಳದಲ್ಲಿ ಬಂದ ಸಂಖ್ಯೆಯಿಂದ ಎಂಟಕ್ಕೆ ಕಳೆಯುವ ದಂಡ ಒಂದು, ಹದಿನೈದಕ್ಕೆ ಕೂಡುವ ಲಾಭ ಎರಡು. ಇಪ್ಪತ್ತು ಮುಖದ ದಾಳದಲ್ಲಿ 15 ಮುಟ್ಟಬೇಕಾದ ಪ್ರಶ್ನೆಯೊಂದನ್ನು ಹದಿನೈದು ಅಂಕದ ಪಂಡಿತ 20ರಲ್ಲಿ 8 ಬಾರಿ ಬಿಡಿಸಿದರೆ ಭರಮಣ್ಣ 5 ಬಾರಿ ಬಿಡಿಸುತ್ತಾನೆ. ಅಂತರ ಮೂರು ಸಲದ್ದು, ಅಷ್ಟೇ.

ಹಾಗಾದರೆ ಆ ಮೂರು ಸಲದ ಅಂತರವನ್ನು ಅಭಿನಯದಲ್ಲಿ ತೋರಿಸುವುದು ಹೇಗೆ? ಮನೋವಿಜ್ಞಾನ ಇಲ್ಲಿ ನಿಜಕ್ಕೂ ಕೈಹಿಡಿಯುತ್ತದೆ. ಬುದ್ಧಿಪರೀಕ್ಷೆಯ ಅಂಕಗಳೊಂದಿಗೆ ಗಟ್ಟಿಯಾಗಿ ಹೆಣೆದುಕೊಂಡಿರುವ ಸಾಮರ್ಥ್ಯಗಳಲ್ಲಿ ವರ್ಕಿಂಗ್ ಮೆಮೊರಿ ಒಂದು. ಒಂದು ಕ್ಷಣಕ್ಕೆ ಮನಸ್ಸು ಎಷ್ಟು ಸಂಗತಿಗಳನ್ನು ಹಿಡಿದಿಟ್ಟುಕೊಂಡು ಹೊಂದಿಸಬಲ್ಲದು ಎಂಬುದರ ಅಳತೆ ಅದು. ನೆಲ್ಸನ್ ಕೋವನ್ 2001ರಲ್ಲಿ ಅದರ ಮಿತಿಯನ್ನು ಸುಮಾರು ನಾಲ್ಕು ಎಂದು ಲೆಕ್ಕ ಹಾಕಿದರು. ಬೆಣ್ಣೆ ದೋಸೆಯ ಕಾವಲಿ ಚಿಕ್ಕದಾದರೆ ದೋಸೆಯ ರುಚಿ ಕೆಡುವುದಿಲ್ಲ, ಒಮ್ಮೆಗೆ ಹುಯ್ಯುವ ದೋಸೆಗಳು ಕಡಿಮೆಯಾಗುತ್ತವೆ, ಗಿರಾಕಿ ಕಾಯಬೇಕಾಗುತ್ತದೆ. ಭರಮಣ್ಣನ ಕಷ್ಟವೂ ಅಂಥದ್ದೇ. ಮಾಂತ್ರಿಕ ಐದು ಹಂತದ ಯೋಜನೆ ವಿವರಿಸಿದಾಗ ಅವನು ಮೊದಲ ಎರಡನ್ನು ಹಿಡಿದುಕೊಂಡು, "ಇದಾದ ಮ್ಯಾಲೆ ಏನ್ ಮಾಡ್ಬೇಕು ಅನ್ನೋದನ್ನ ಆಗ ಹೇಳು" ಎನ್ನಬೇಕು. ಕೇಳುವುದಕ್ಕೆ ಅವನು ನಾಚಬೇಕಾಗಿಲ್ಲ, ತೊದಲಬೇಕಾಗಿಯೂ ಇಲ್ಲ. ತನ್ನ ಕಸುಬಿನ ವಿಷಯ ಬಂದಾಗಲಂತೂ ಅವನು ಪಂಡಿತನನ್ನೇ ಮೀರಿಸಬಹುದು. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ತೋರಿಸಿದಂತೆ, ಚದುರಂಗದ ನಿಪುಣರು ನಿಜವಾದ ಆಟದ ಹಲಗೆಯನ್ನು ಕೆಲವೇ ಸೆಕೆಂಡು ನೋಡಿ ಕಾಯಿಗಳ ಸ್ಥಾನವನ್ನು ನೆನಪಿನಿಂದ ಜೋಡಿಸಬಲ್ಲರು, ಆದರೆ ಕಾಯಿಗಳನ್ನು ಮನಬಂದಂತೆ ಹರಡಿದಾಗ ಅವರ ಆ ಮೇಲುಗೈ ಬಹುಮಟ್ಟಿಗೆ ಮಾಯವಾಗುತ್ತದೆ. ವರ್ಷಗಟ್ಟಲೆ ಕುರಿಹಿಂಡು ಕಾದವನು ಹಿಂಡಿನಲ್ಲಿ ಒಂದು ಮರಿ ಕಡಿಮೆಯಾದದ್ದನ್ನು ಎಣಿಸದೆ ಹೇಳುವುದೂ ಇದೇ ಬಗೆಯ ಪರಿಣತಿ.

ವಿಸ್ಡಂ, ಅಂದರೆ ವಿವೇಕ ಎಂಬ ಎರಡನೆಯ ಮಾನಸಿಕ ಗುಣವನ್ನು ನಮ್ಮ ಹುಡುಗರು ಗಡ್ಡ ಬಿಟ್ಟ ಸ್ವಾಮಿಗಳ ಉಪದೇಶವೆಂದು ಆಡುತ್ತಾರೆ. ಆಟದ ನಿಯಮದಲ್ಲಿ ಸುತ್ತಲಿನದನ್ನು ಗಮನಿಸುವುದು, ಎದುರಿನವರ ಮನಸ್ಸಿನ ಇಂಗಿತ ಅರಿಯುವುದು ಇದರ ಕೆಲಸ. ಇತಿಹಾಸ, ಮಂತ್ರವಿದ್ಯೆ, ಸುಳಿವುಗಳನ್ನು ಜೋಡಿಸುವ ತನಿಖೆ ಇಂಟೆಲಿಜೆನ್ಸಿನ ಪಾಲು. ಈ ವಿಂಗಡಣೆಗೆ ಒನಕೆ ಓಬವ್ವನಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ದುರ್ಗದಲ್ಲಿ ಮನೆಮನೆಗೂ ಗೊತ್ತಿರುವ ಆ ಕಥೆಯಲ್ಲಿ, ಕಾವಲುಗಾರ ಗಂಡ ಊಟಕ್ಕೆ ಕೂತಿರುವಾಗ ನೀರಿಗೆ ಬಂದ ಹೆಂಗಸು ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವ ಸುಳಿವನ್ನು ಹಿಡಿದು, ಅದರ ಅರ್ಥವನ್ನು ತಕ್ಷಣ ಗ್ರಹಿಸಿ, ಕೈಗೆ ಸಿಕ್ಕ ಒನಕೆಯೊಂದಿಗೆ ಸರಿಯಾದ ಜಾಗದಲ್ಲಿ ನಿಲ್ಲುತ್ತಾಳೆ. ಆಕೆಗೆ ನಾನು ಇಂಟೆಲಿಜೆನ್ಸ್ 10, ವಿಸ್ಡಂ 17 ಕೊಡುತ್ತೇನೆ. ಕಿಂಡಿಯಲ್ಲಿ ಒಮ್ಮೆಗೆ ಒಬ್ಬನೇ ತೂರಬಲ್ಲ ಎಂಬ ಲೆಕ್ಕಾಚಾರಕ್ಕೆ ಹತ್ತು ಸಾಲದು ಎಂದು ದುರ್ಗದವರು ಜಗಳಕ್ಕೆ ಬಂದರೆ ಹನ್ನೆರಡಕ್ಕೆ ಒಪ್ಪಿಯೇನು.

ಇದಕ್ಕೆ ತಿರುಗುಮುರುಗಾದ ಪಾತ್ರ, ಅಂದರೆ ಬುದ್ಧಿ ಹೆಚ್ಚಿದ್ದು ವಿವೇಕ ಕಡಿಮೆಯಿರುವವನು, ಆಡುವುದಕ್ಕೆ ಇನ್ನೂ ಸೊಗಸು. ಬ್ಯಾಟು ಮತ್ತು ಚೆಂಡಿನ ಒಟ್ಟು ಬೆಲೆ 1.10 ಡಾಲರ್, ಬ್ಯಾಟು ಚೆಂಡಿಗಿಂತ 1 ಡಾಲರ್ ದುಬಾರಿ, ಚೆಂಡಿನ ಬೆಲೆಯೆಷ್ಟು ಎಂಬ ಪ್ರಶ್ನೆಯಿದ್ದ ಸಣ್ಣ ಪರೀಕ್ಷೆಯನ್ನು ಶೇನ್ ಫ್ರೆಡರಿಕ್ 2005ರಲ್ಲಿ ಪ್ರಕಟಿಸಿದರು. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಲ್ಲೂ ಎಷ್ಟೋ ಜನ ಹತ್ತು ಸೆಂಟ್ ಎಂದರು. ಸರಿ ಉತ್ತರ ಐದು. ಲೆಕ್ಕ ಬಾರದೆ ತಪ್ಪಿದ್ದಲ್ಲ, ಮೊದಲು ಹೊಳೆದದ್ದನ್ನು ಮರುಪರಿಶೀಲಿಸದೆ ತಪ್ಪಿದ್ದು. ಗ್ರಹಣದ ಗಳಿಗೆಯನ್ನು ಸೆಕೆಂಡಿನವರೆಗೆ ವಿವರಿಸಿ, ಅದು ಬಿಡುವ ತನಕ ಮನೆಯಲ್ಲಿ ಯಾರಿಗೂ ಊಟ ಬಡಿಸಗೊಡದ ಪದವೀಧರರನ್ನು ಕಂಡವರಿಗೆ ಈ ಪಾತ್ರ ಆಡಲು ಬೇರೆ ತರಬೇತಿ ಬೇಡ. ಇಂಥ ಮಾಂತ್ರಿಕ ದಡ್ಡನಂತೆ ವರ್ತಿಸಬಾರದು. ತನ್ನ ತಪ್ಪಿಗೆ ಅತ್ಯುತ್ತಮ ಕಾರಣಗಳನ್ನು ಕೊಡಬೇಕು.

ಕರಿಷ್ಮಾ, ಅಂದರೆ ವರ್ಚಸ್ಸಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದು ಅಂದಚೆಂದವಲ್ಲ, 1985ರಲ್ಲಿ ರೂಪಕ್ಕೆಂದೇ ಏಳನೆಯ ಅಂಕವೊಂದನ್ನು ನಿಯಮಕ್ಕೆ ಸೇರಿಸಿದ್ದರು. ಎರಡನ್ನೂ ಬೆರೆಸುವ ನಮ್ಮ ಚಾಳಿ ಹಳೆಯದು. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳಲ್ಲಿ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಎಲ್ಲವೂ ಅನುಮಾನ ಹುಟ್ಟಿಸುವಷ್ಟು ಒಟ್ಟೊಟ್ಟಿಗೆ ಏರಿಳಿಯುವುದನ್ನು ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ತೋರಿಸಿದ್ದರು.

ಉಳಿಯುವುದು ಆಟಗಾರನ ಬುದ್ಧಿಗೂ ಪಾತ್ರದ ಬುದ್ಧಿಗೂ ನಡುವಿನ ಅಂತರ. ಕಾಳಗದ ಒಂದು ಸುತ್ತು ಪಾತ್ರಕ್ಕೆ ಆರು ಸೆಕೆಂಡು. ಮೇಜಿನ ಸುತ್ತ ಕೂತವರು ಅದನ್ನೇ ಹತ್ತು ನಿಮಿಷ ಚರ್ಚಿಸಬಹುದು. ಆದ್ದರಿಂದ ತನಗಿಂತ ಜಾಣ ಪಾತ್ರವನ್ನು ಆಡುವವರು ಉಳಿದವರ ಸಲಹೆಯನ್ನೆಲ್ಲ ಸೇರಿಸಿಕೊಂಡು ಪಾತ್ರದ ಸ್ವಂತ ಯೋಚನೆಯೆಂದು ಹೇಳುವುದು ಮೋಸವಲ್ಲ. ಇದಕ್ಕೆ ತಿರುಗುಮುರುಗಾದ ತೊಂದರೆಯನ್ನು, ಅಂದರೆ ಪಾತ್ರಕ್ಕಿಂತ ಆಟಗಾರನೇ ಜಾಣನಾಗಿರುವುದನ್ನು, ಆ ವಿದ್ಯಾನಗರದ ಕೋಣೆಯಲ್ಲೇ ಚೆನ್ನಾಗಿ ಬಿಡಿಸಿಕೊಂಡರು. ಕೋಟೆಯ ನಾಲ್ಕನೆಯ ಸುತ್ತಿನ ಬಾಗಿಲಲ್ಲಿ ಕೆತ್ತಿದ್ದ ಒಗಟು ಎಲ್ಲರಿಗಿಂತ ಮೊದಲು ಹೊಳೆದದ್ದು ಭರಮಣ್ಣನ ಆಟಗಾರನಿಗೆ. ಅವನು ಉತ್ತರವನ್ನು ಚೀಟಿಯಲ್ಲಿ ಬರೆದು ಮಾಂತ್ರಿಕಳನ್ನು ಆಡುತ್ತಿದ್ದ ಹುಡುಗಿಗೆ ದಾಟಿಸಿ, ಭರಮಣ್ಣನ ಬಾಯಲ್ಲಿ ಬರೀ ಒಂದು ಪ್ರಶ್ನೆ ಹೇಳಿಸಿದ: "ಅಕ್ಕಾ, ಈ ಕಲ್ಲಿನ ಮ್ಯಾಲಿನ ಸಾಲು ಮಾತ್ರ ಬ್ಯಾರೆ ಕೈಬರಹ ಇದ್ದಂಗ ಐತಲ್ಲ, ಯಾಕ?" ಮಾಂತ್ರಿಕಳು ಆ ಸಾಲನ್ನು ಮತ್ತೊಮ್ಮೆ ಓದಿ, ಚೀಟಿಯಲ್ಲಿದ್ದ ಉತ್ತರವನ್ನು ತನ್ನದೇ ತರ್ಕವಾಗಿ ಬಿಡಿಸಿ ಹೇಳಿದಳು, ಮಾಸ್ಟರ್ ಇಬ್ಬರಿಗೂ ಅಂಕ ಕೊಟ್ಟ.