ಬಂದೂಕು ಕಾನೂನು ಬಿಗಿ ಮಾಡಿದರೆ ಅಮೆರಿಕದ ಸಾಮೂಹಿಕ ಗುಂಡಿನ ದಾಳಿಗಳು ನಿಲ್ಲುತ್ತವೆಯೇ?

ಓದುಗರ ಪ್ರಶ್ನೆ: ಅಮೆರಿಕದ ಶಾಲೆ, ಚರ್ಚು, ಅಂಗಡಿಗಳಲ್ಲಿ ಯಾರೋ ಗುಂಡು ಹಾರಿಸಿ ಹತ್ತಾರು ಜನರನ್ನು ಕೊಂದ ಸುದ್ದಿ ಬಂದಾಗಲೆಲ್ಲ ಹೊಸ ಬಂದೂಕು ಕಾನೂನಿನ ಮಾತು ಏಳುತ್ತದೆ. ಇದರಿಂದ ಎಲ್ಲ ನಿಲ್ಲುತ್ತದೆ ಅಂತ ಕೆಲವರು, ಏನೂ ಆಗುವುದಿಲ್ಲ ಅಂತ ಕೆಲವರು. ನನ್ನ ಮಗಳ ಸಂಸಾರ ಅಲ್ಲೇ ಇದೆ, ಮೊಮ್ಮಗ ಶಾಲೆಗೆ ಹೋಗುತ್ತಾನೆ. ನಿಜ ಯಾವುದು?

ಉತ್ತರ: ಎಲ್ಲವನ್ನೂ ನಿಲ್ಲಿಸುವ ಒಂದು ಕಾನೂನು ಯಾರ ಬಳಿಯೂ ಇಲ್ಲ. ಹಾಗಂತ ಯಾವುದರಿಂದಲೂ ಪ್ರಯೋಜನವಿಲ್ಲ ಅನ್ನುವುದೂ ಸುಳ್ಳು. ಒಂದೊಂದು ಪ್ರಸ್ತಾವವನ್ನೂ ನಡೆದುಹೋದ ಘಟನೆಗಳ ಪಕ್ಕದಲ್ಲಿಟ್ಟು ನೋಡಬೇಕು. ಕೊಂದವನ ಕೈಗೆ ಬಂದೂಕು ಯಾವ ದಾರಿಯಲ್ಲಿ ಬಂತು? ಅವನ ಇರಾದೆ ಮುಂಚೆಯೇ ಯಾರಿಗೆ ಗೊತ್ತಿತ್ತು? ಹೀಗೆ ಕೇಳುತ್ತಾ ಹೋದರೆ, ಸಂಸತ್ತಿನಲ್ಲಿ ಅತಿ ಹೆಚ್ಚು ಗದ್ದಲ ಎಬ್ಬಿಸುವ ಪ್ರಸ್ತಾವಗಳು ಈ ದಾಳಿಗಳನ್ನು ಮುಟ್ಟುವುದು ಕಡಿಮೆ, ಅಷ್ಟಾಗಿ ಸುದ್ದಿಯಾಗದ ಎರಡು ಮೂರು ಕ್ರಮಗಳು ಮುಟ್ಟುವುದು ಹೆಚ್ಚು ಎಂಬುದು ಕಾಣುತ್ತದೆ.

ಮೊದಲು ಲೆಕ್ಕದ ವಿಷಯ, ಯಾಕೆಂದರೆ ಜಗಳದ ಅರ್ಧ ಇಲ್ಲೇ ಹುಟ್ಟುತ್ತದೆ. ನಾಲ್ಕು ಅಥವಾ ಹೆಚ್ಚು ಜನರಿಗೆ ಗುಂಡು ತಗುಲಿದ ಪ್ರತಿ ಘಟನೆಯನ್ನೂ ಎಣಿಸುವ ಗನ್ ವಯಲೆನ್ಸ್ ಆರ್ಕೈವ್‌ನ ಪ್ರಕಾರ 2020ರಿಂದ 2023ರವರೆಗೆ ವರ್ಷಕ್ಕೆ 600ಕ್ಕೂ ಹೆಚ್ಚು ದಾಳಿಗಳು ನಡೆದಿವೆ. ಅದರಲ್ಲಿ ಗ್ಯಾಂಗ್ ಜಗಳ, ಪಾರ್ಟಿಯಲ್ಲಿ ಎದ್ದ ಗಲಾಟೆ ಎಲ್ಲವೂ ಸೇರಿದೆ. ಸಾರ್ವಜನಿಕ ಸ್ಥಳದಲ್ಲಿ ನಾಲ್ಕು ಅಥವಾ ಹೆಚ್ಚು ಜನ ಸತ್ತ, ಬೇರೆ ಅಪರಾಧದ ಭಾಗವಲ್ಲದ ಘಟನೆಗಳನ್ನಷ್ಟೇ ಹಿಡಿದರೆ ಸಂಖ್ಯೆ ವರ್ಷಕ್ಕೆ ಬೆರಳೆಣಿಕೆಗೆ ಇಳಿಯುತ್ತದೆ. ನೀವು ಕೇಳಿರುವುದು ಈ ಎರಡನೆಯದರ ಬಗ್ಗೆ, ಇಲ್ಲಿ ಹೇಳುವುದೂ ಅದನ್ನೇ. 2022ರಲ್ಲಿ ಆ ದೇಶದಲ್ಲಿ ಗುಂಡಿಗೆ ಸತ್ತವರು 48,000ಕ್ಕೂ ಹೆಚ್ಚು. ಅವರಲ್ಲಿ ಸುಮಾರು 27,000 ಮಂದಿ ಆತ್ಮಹತ್ಯೆ ಮಾಡಿಕೊಂಡವರು. ಸಾಮೂಹಿಕ ದಾಳಿಗಳನ್ನು ಅಷ್ಟಾಗಿ ತಡೆಯದ ಕಾನೂನೂ ಆ 27,000ದಲ್ಲಿ ಎಷ್ಟೋ ಜೀವ ಉಳಿಸಬಹುದು ಎಂಬುದು ನೆನಪಿರಲಿ.

ಇನ್ನೊಂದು ಮಾತು ನಮ್ಮ ಓದುಗರಿಗೆ ಮುಖ್ಯ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಬೇಕೆಂದವನು ತನಗೆ ಅದು ಯಾಕೆ ಬೇಕೆಂದು ಜಿಲ್ಲಾಧಿಕಾರಿಗೋ ಪೊಲೀಸ್ ಕಮಿಷನರ್‌ಗೋ ಮನವರಿಕೆ ಮಾಡಿಕೊಡಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಅಪವಾದ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಕ್ರಮ ತಿರುಗುಮುರುಗು. ಕೇಳಿದವನಿಗೆ ಬಂದೂಕು ಸಿಗಬೇಕು, ಕೊಡಬಾರದು ಎನ್ನಬೇಕಾದರೆ ಸರ್ಕಾರದ ಕೈಯಲ್ಲಿ ದಾಖಲೆ ಇರಬೇಕು. ಅಲ್ಲಿನ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಈ ದಾಖಲೆಯಲ್ಲೇ ಇದೆ.

ಅಂಗಡಿಯಲ್ಲಿ ನಡೆಯುವುದು ಹೀಗೆ. ಕೊಳ್ಳುವವನು ಗುರುತಿನ ಚೀಟಿ ತೋರಿಸಿ 4473 ಎಂಬ ನಮೂನೆ ತುಂಬುತ್ತಾನೆ. ದೊಡ್ಡ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ, ಮನೆಯವರ ಮೇಲೆ ಹಲ್ಲೆ ಮಾಡಿದ ಪ್ರಕರಣದಲ್ಲಿ ತಪ್ಪಿತಸ್ಥ ಎಂದಾಗಿದೆಯೇ, ಮಾದಕ ವಸ್ತು ಬಳಸುತ್ತೀರಾ, ಕೋರ್ಟಿನ ಆದೇಶದಂತೆ ಮಾನಸಿಕ ಆಸ್ಪತ್ರೆಗೆ ಸೇರಿಸಲಾಗಿತ್ತೇ ಎಂಬಂಥ ಪ್ರಶ್ನೆಗಳಿರುತ್ತವೆ. ಅಂಗಡಿಯವನು ವಿವರವನ್ನು ಕೇಂದ್ರದ ತನಿಖಾ ಸಂಸ್ಥೆ ಎಫ್‌ಬಿಐ ನಡೆಸುವ ನಿಕ್ಸ್ ಎಂಬ ಹಿನ್ನೆಲೆ ಪರಿಶೀಲನಾ ವ್ಯವಸ್ಥೆಗೆ ಕಳುಹಿಸುತ್ತಾನೆ. ಬಹುಪಾಲು ಉತ್ತರ ನಿಮಿಷಗಳಲ್ಲಿ ಬರುತ್ತದೆ: ಮಾರಬಹುದು, ಮಾರಕೂಡದು, ಅಥವಾ ಸ್ವಲ್ಪ ತಡೆಯಿರಿ. ತಡೆಯಿರಿ ಎಂದ ಮೇಲೆ ಮೂರು ಕೆಲಸದ ದಿನಗಳೊಳಗೆ ಅಂತಿಮ ಉತ್ತರ ಬಾರದಿದ್ದರೆ ಅಂಗಡಿಯವನು ಮಾರಬಹುದು.

2015ರ ಜೂನ್ 17ರಂದು ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ 9 ಜನರನ್ನು ಕೊಂದವನಿಗೆ ಪಿಸ್ತೂಲು ಸಿಕ್ಕಿದ್ದು ಈ ಮೂರು ದಿನದ ಸಂದಿಯಲ್ಲಿ. ಮಾದಕ ವಸ್ತು ಪ್ರಕರಣದಲ್ಲಿ ಅವನ ಬಂಧನವಾಗಿತ್ತು. ಎಫ್‌ಬಿಐ ಸಿಬ್ಬಂದಿ ದಾಖಲೆಯನ್ನು ಬೇರೊಂದು ಕಚೇರಿಯಲ್ಲಿ ಹುಡುಕುತ್ತಿದ್ದಾಗಲೇ ಗಡುವು ಮುಗಿಯಿತು. 2017ರಲ್ಲಿ ಟೆಕ್ಸಾಸಿನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ ದಾಳಿ ಮಾಡಿದವನಿಗೆ ಹೆಂಡತಿ ಮತ್ತು ಮಲಮಗನನ್ನು ಹೊಡೆದ ಪ್ರಕರಣದಲ್ಲಿ ಸೇನಾ ನ್ಯಾಯಾಲಯ ಶಿಕ್ಷೆ ಕೊಟ್ಟಿತ್ತು. ವಾಯುಪಡೆ ಅದನ್ನು ಎಫ್‌ಬಿಐಗೆ ತಿಳಿಸಲೇ ಇಲ್ಲ. ಒಬ್ಬ ಗರ್ಭಿಣಿಯ ಹುಟ್ಟದ ಮಗುವನ್ನೂ ಸೇರಿಸಿ 26 ಜೀವ ಹೋಯಿತು. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಜನರನ್ನು ಕೊಂದ ವಿದ್ಯಾರ್ಥಿಗೆ ಹೊರರೋಗಿಯಾಗಿ ಚಿಕಿತ್ಸೆ ಪಡೆಯಬೇಕೆಂದು ನ್ಯಾಯಾಲಯ ಮೊದಲೇ ಆದೇಶಿಸಿತ್ತು. ಆ ರಾಜ್ಯ ಆಗ ಒಳರೋಗಿಗಳ ಆದೇಶಗಳನ್ನಷ್ಟೇ ಕಳುಹಿಸುತ್ತಿತ್ತು. ಈ ಮೂರು ಕಡೆಯೂ ಕಾನೂನು ಇತ್ತು, ಕಾಗದ ಮುಟ್ಟಬೇಕಾದಲ್ಲಿಗೆ ಮುಟ್ಟಲಿಲ್ಲ. ದಾಖಲೆ ಕಳುಹಿಸುವ ಕೆಲಸಕ್ಕೆ ಹಣ ಮತ್ತು ಜನ ಕೊಡುವುದು, ಮೂರು ದಿನದ ಗಡುವನ್ನು ಬೆಳೆಸುವುದು ನೀರಸ ಅನ್ನಿಸಬಹುದು. ನಮ್ಮ ಅಭಿಪ್ರಾಯದಲ್ಲಿ ಇದು ಮೊದಲ ಸಾಲಿನ ಕ್ರಮ. 2022ರ ಕೇಂದ್ರ ಕಾನೂನು 21ಕ್ಕಿಂತ ಚಿಕ್ಕವರ ಪರಿಶೀಲನೆಗೆ 10 ಕೆಲಸದ ದಿನಗಳವರೆಗೆ ಅವಕಾಶ ಕೊಟ್ಟಿದೆ. ಉಳಿದವರಿಗೆ ಮೂರೇ ದಿನ.

ಇನ್ನು ಎಲ್ಲರೂ ಕೇಳಿರುವ 'ಸಾರ್ವತ್ರಿಕ ಪರಿಶೀಲನೆ'. ಪರವಾನಗಿ ಇರುವ ಅಂಗಡಿಯಲ್ಲಿ ಪರಿಶೀಲನೆ ಕಡ್ಡಾಯ. ಒಬ್ಬ ಖಾಸಗಿ ವ್ಯಕ್ತಿ ಇನ್ನೊಬ್ಬನಿಗೆ ಮಾರಿದರೆ ಕೇಂದ್ರ ಕಾನೂನಿನಲ್ಲಿ ಕಡ್ಡಾಯವಿಲ್ಲ. ಈ ಬಾಗಿಲು ಮುಚ್ಚಿದ್ದರೆ 2019ರಲ್ಲಿ ಟೆಕ್ಸಾಸಿನ ಮಿಡ್‌ಲ್ಯಾಂಡ್–ಒಡೆಸ್ಸಾದಲ್ಲಿ 7 ಜನರನ್ನು ಕೊಂದವನಿಗೆ ತೊಂದರೆಯಾಗುತ್ತಿತ್ತು. 2014ರಲ್ಲಿ ಅಂಗಡಿಯ ಪರಿಶೀಲನೆಯಲ್ಲಿ ನಪಾಸಾದವನು ಆಮೇಲೆ ಖಾಸಗಿಯಾಗಿ ರೈಫಲ್ ಕೊಂಡಿದ್ದ. ಆದರೆ ಇಂಥ ಪ್ರಕರಣ ವಿರಳ. ಅಮೆರಿಕದ ನ್ಯಾಯ ಇಲಾಖೆಯ ನೆರವಿನಿಂದ ತಯಾರಾದ, 1966ರಿಂದ 2019ರವರೆಗಿನ ದಾಳಿಕೋರರ ದತ್ತಾಂಶದಲ್ಲಿ ಶೇ. 77ರಷ್ಟು ಮಂದಿ ಕನಿಷ್ಠ ಒಂದು ಬಂದೂಕನ್ನಾದರೂ ಕಾನೂನುಬದ್ಧವಾಗಿ ಕೊಂಡಿದ್ದರು. ಪರಿಶೀಲನೆಯಲ್ಲಿ ಪಾಸಾಗುವವನನ್ನು ಇನ್ನಷ್ಟು ಕಡೆ ಪರಿಶೀಲಿಸಿದರೂ ಅವನು ಪಾಸಾಗುತ್ತಾನೆ. ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಸತ್ತ ಮೇಲೆ 2013ರ ಏಪ್ರಿಲ್‌ನಲ್ಲಿ ಸೆನೆಟ್‌ನಲ್ಲಿ ಬಿದ್ದುಹೋದದ್ದು ಪರಿಶೀಲನೆಯನ್ನು ಹೀಗೆ ವಿಸ್ತರಿಸುವ ಪ್ರಸ್ತಾವವೇ. ಅದು ಜಾರಿಯಲ್ಲಿದ್ದಿದ್ದರೂ ಆ ದಾಳಿ ನಿಲ್ಲುತ್ತಿರಲಿಲ್ಲ, ಅಲ್ಲಿ ಬಳಸಿದ ರೈಫಲ್ಲನ್ನು ದಾಳಿಕೋರನ ತಾಯಿ ಕಾನೂನುಬದ್ಧವಾಗಿ ಕೊಂಡು ಮನೆಯಲ್ಲಿಟ್ಟಿದ್ದಳು. ಸಾರ್ವತ್ರಿಕ ಪರಿಶೀಲನೆ ಬೇಕು, ದಿನನಿತ್ಯದ ಕೊಲೆಗಳ ಕಾರಣಕ್ಕೆ ಬೇಕು. ಸಾಮೂಹಿಕ ದಾಳಿಗೆ ಇದೇ ಮದ್ದು ಎಂದು ಹೇಳಿ ಜನರಿಗೆ ಆಸೆ ಹುಟ್ಟಿಸುವುದು ಸರಿಯಲ್ಲ.

ರೈಫಲ್ ನಿಷೇಧದ ಕಥೆ ಇನ್ನೂ ತೊಡಕಿನದು. 1994ರಿಂದ 2004ರವರೆಗೆ ಸೇನಾ ಮಾದರಿಯ ಅರೆ-ಸ್ವಯಂಚಾಲಿತ ರೈಫಲ್‌ಗಳ ಮೇಲೆ ಕೇಂದ್ರದಲ್ಲಿ ನಿಷೇಧ ಇತ್ತು. ಬಂದೂಕನ್ನು ಗುರುತಿಸಿದ್ದು ಅದರ ಹೊರರೂಪದಿಂದ: ಬಯೋನೆಟ್ ಸಿಕ್ಕಿಸುವ ಜಾಗ, ನಳಿಗೆಯ ತುದಿಯ ಬೆಂಕಿಮರೆ, ಮಡಚುವ ಹಿಡಿ, ಇಂಥವುಗಳಲ್ಲಿ ಎರಡಿದ್ದರೆ ನಿಷೇಧ. ಕಂಪನಿಗಳು ಒಂದೆರಡು ಭಾಗ ತೆಗೆದು ಅದೇ ಯಂತ್ರವನ್ನು ಮಾರಿದವು. ಮುಂಚೆ ಮಾರಾಟವಾಗಿದ್ದವು ಇದ್ದಲ್ಲೇ ಉಳಿದವು. 1999ರ ಕೊಲಂಬೈನ್ ದಾಳಿ ನಡೆದದ್ದು ನಿಷೇಧ ಇದ್ದಾಗಲೇ. ಸ್ಯಾಂಡಿ ಹುಕ್ ಇರುವ ಕನೆಕ್ಟಿಕಟ್ ರಾಜ್ಯದಲ್ಲಿ 2012ರಲ್ಲೂ ಇಂಥದೇ ನಿಷೇಧ ಇತ್ತು, ಅಲ್ಲಿ ಬಳಸಿದ ರೈಫಲ್ ಅದರ ಹಿಡಿತಕ್ಕೆ ಸಿಗದ ಮಾದರಿ. ವರ್ಜೀನಿಯಾ ಟೆಕ್‌ನಲ್ಲಿ ಬಳಕೆಯಾದದ್ದಂತೂ ಎರಡು ಪಿಸ್ತೂಲು.

ಅದೇ 1994ರ ಕಾನೂನಿನ ಇನ್ನೊಂದು ಅರ್ಧ, 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್‌ಗಳ (ಬಂದೂಕಿಗೆ ಸಿಕ್ಕಿಸುವ ಗುಂಡಿನ ಡಬ್ಬಿಗಳ) ನಿಷೇಧ, ನಮ್ಮ ಪ್ರಕಾರ ಹೆಚ್ಚು ಬೆಲೆಯುಳ್ಳದ್ದು. ಇದು ದಾಳಿಯನ್ನು ತಡೆಯುವುದಿಲ್ಲ, ಸಾಯುವವರ ಸಂಖ್ಯೆಯನ್ನು ತಗ್ಗಿಸುತ್ತದೆ. 2011ರ ಜನವರಿ 8ರಂದು ಅರಿಜೋನಾದ ಟೂಸಾನ್‌ನಲ್ಲಿ ಸಂಸದೆ ಗ್ಯಾಬ್ರಿಯಲ್ ಗಿಫರ್ಡ್ಸ್ ಅವರ ಸಭೆಯಲ್ಲಿ ದಾಳಿಕೋರ 33 ಗುಂಡಿನ ಮ್ಯಾಗಜಿನ್ ಖಾಲಿ ಮಾಡಿದ. ಆರು ಜನ ಸತ್ತರು. ಅವನು ಮ್ಯಾಗಜಿನ್ ಬದಲಿಸಲು ಹೊರಟ ಆ ಕೆಲವೇ ಕ್ಷಣಗಳಲ್ಲಿ ಸುತ್ತಲಿದ್ದವರು ಮೇಲೆ ಬಿದ್ದು ಕೆಡವಿದರು, ಒಬ್ಬ ಮಹಿಳೆ ಹೊಸ ಮ್ಯಾಗಜಿನ್ನನ್ನು ಕಸಿದುಕೊಂಡರು. ಸ್ಯಾಂಡಿ ಹುಕ್‌ನಲ್ಲಿ ಐದು ನಿಮಿಷದೊಳಗೆ ರೈಫಲ್‌ನಿಂದ 154 ಗುಂಡು ಹಾರಿದವು. 30 ಗುಂಡಿನ ಮ್ಯಾಗಜಿನ್ ಇದ್ದರೆ ಅಷ್ಟಕ್ಕೆ ಐದು ಸಲ ಬದಲಿಸಿದರೆ ಸಾಕು, 10ರದಾದರೆ ಹದಿನೈದು ಸಲ. ಪ್ರತಿ ಬದಲಾವಣೆಯೂ ಮಕ್ಕಳು ಓಡುವುದಕ್ಕೆ ಸಿಗುವ ಸಮಯ. ದೊಡ್ಡ ಮ್ಯಾಗಜಿನ್‌ಗಳು ಆಗಲೇ ಕೋಟಿಗಟ್ಟಲೆ ಜನರ ಬಳಿ ಇರುವುದರಿಂದ ನಿಷೇಧದ ಫಲ ಕಾಣಲು ವರ್ಷಗಳು ಬೇಕು. ಅದಕ್ಕಾಗಿಯೇ ಬೇಗ ಶುರು ಮಾಡಬೇಕು.

ವಯಸ್ಸಿನ ಮಿತಿಯ ವಿಷಯದಲ್ಲಿ ಹೆಚ್ಚು ವಾದ ಬೇಕಿಲ್ಲ. 1968ರ ಕಾನೂನಿನ ಪ್ರಕಾರ ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ತುಂಬಿರಬೇಕು, ರೈಫಲ್‌ಗೆ 18 ಸಾಕು. 2022ರ ಮೇ ತಿಂಗಳಲ್ಲಿ ಟೆಕ್ಸಾಸಿನ ಯುವಾಲ್ಡೆಯಲ್ಲಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದವನು 18 ತುಂಬಿದ ಕೆಲವೇ ದಿನಗಳಲ್ಲಿ ಎರಡು ರೈಫಲ್ ಕೊಂಡಿದ್ದ. ಅದಕ್ಕೆ ಹತ್ತು ದಿನ ಮೊದಲು ಬಫಲೋದಲ್ಲಿ 10 ಜನರನ್ನು ಕೊಂದವನಿಗೂ 18. 21 ಎಂಬ ನಿಯಮ ಇದ್ದಿದ್ದರೆ ಇಬ್ಬರಿಗೂ ಅಂಗಡಿಯಲ್ಲಿ ಇಲ್ಲ ಎನ್ನುತ್ತಿದ್ದರು. 2018ರಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತ ಮೇಲೆ ಫ್ಲೋರಿಡಾ ಈ ಬದಲಾವಣೆ ಮಾಡಿತು, ಬಫಲೋ ಆದ ಮೇಲೆ ನ್ಯೂಯಾರ್ಕ್ ಮಾಡಿತು.

ಈಗ ನಮಗೆ ಅತಿ ಮುಖ್ಯ ಎನಿಸುವ ಕ್ರಮ: ರೆಡ್ ಫ್ಲಾಗ್ ಕಾನೂನು. ದಾಳಿ ಮಾಡುವವರಲ್ಲಿ ಅರ್ಧದಷ್ಟು ಮಂದಿ ಯಾರಿಗಾದರೂ ಮುಂಚೆಯೇ ಹೇಳಿಕೊಂಡಿರುತ್ತಾರೆ. ಅಪರಾಧ ಇನ್ನೂ ನಡೆಯದಿರುವುದರಿಂದ ಪೊಲೀಸರ ಕೈ ಕಟ್ಟಿರುತ್ತದೆ. ಈ ಕಾನೂನು ಆ ಕಟ್ಟನ್ನು ಬಿಚ್ಚುತ್ತದೆ. 20ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇದೆ. ಪೊಲೀಸರೋ, ಹೆಚ್ಚಿನ ಕಡೆ ಮನೆಯವರೋ ಕೋರ್ಟಿಗೆ ಸಾಕ್ಷ್ಯ ಕೊಟ್ಟರೆ ನ್ಯಾಯಾಧೀಶರು ಆ ವ್ಯಕ್ತಿಯ ಬಂದೂಕುಗಳನ್ನು ತಾತ್ಕಾಲಿಕವಾಗಿ ತೆಗೆದಿಡಿಸಬಹುದು, ಹೊಸದನ್ನು ಕೊಳ್ಳದಂತೆ ತಡೆಯಬಹುದು. ಕ್ಯಾಲಿಫೋರ್ನಿಯಾದ ಸಂಶೋಧಕರು 2019ರಲ್ಲಿ ಸಾಮೂಹಿಕ ದಾಳಿಯ ಬೆದರಿಕೆಯಿದ್ದ 21 ಪ್ರಕರಣಗಳನ್ನು ವಿವರಿಸಿದರು. ಆದೇಶ ಬಂದ ಮೇಲೆ ಯಾವುದರಲ್ಲೂ ದಾಳಿ ನಡೆದಿರಲಿಲ್ಲ. ಆದೇಶ ಇಲ್ಲದಿದ್ದರೆ ಎಷ್ಟು ನಡೆಯುತ್ತಿದ್ದವು ಎಂದು ಯಾರೂ ಸಾಬೀತು ಮಾಡಲಾರರು, ನಿಜ. ಆದರೆ ಬೆದರಿಕೆ ಹಾಕಿದವನ ಕೈಯಿಂದ ಬಂದೂಕು ಹೋಯಿತು.

ಇದು ಸೋಲುವುದು ಬಳಸದೇ ಇದ್ದಾಗ. ಬಫಲೋದ ಹುಡುಗ ಒಂದು ವರ್ಷ ಮುಂಚೆ ಶಾಲೆಯ ಉತ್ತರಪತ್ರದಲ್ಲಿ ಕೊಂದು ಸಾಯುವ ಮಾತು ಬರೆದಿದ್ದ. ಪೊಲೀಸರು ಮಾನಸಿಕ ತಪಾಸಣೆಗೆ ಕರೆದೊಯ್ದು ಬಿಟ್ಟರು. ನ್ಯೂಯಾರ್ಕಿನಲ್ಲಿ ಕಾನೂನು ಇತ್ತು, ಅರ್ಜಿ ಹಾಕಿದವರಿಲ್ಲ. 2023ರಲ್ಲಿ ಮೇನ್ ರಾಜ್ಯದ ಲೂಯಿಸ್ಟನ್‌ನಲ್ಲಿ 18 ಜನರನ್ನು ಕೊಂದವನ ಬಗ್ಗೆ ಅವನ ಸೇನಾ ಘಟಕವೂ ಮನೆಯವರೂ ಎಚ್ಚರಿಸಿದ್ದರು. ಅಲ್ಲಿದ್ದ ಕಾನೂನಿನಲ್ಲಿ ಮೊದಲು ವ್ಯಕ್ತಿಯನ್ನು ವಶಕ್ಕೆ ಪಡೆದು, ವೈದ್ಯಕೀಯ ತಪಾಸಣೆ ಮಾಡಿಸಿ, ಆಮೇಲೆ ಕೋರ್ಟಿಗೆ ಹೋಗಬೇಕಿತ್ತು. ಆ ದಾರಿಯನ್ನು ಯಾರೂ ಕೊನೆಯವರೆಗೆ ಹಿಡಿಯಲಿಲ್ಲ.

ಶಾಲೆಗಳ ಮಟ್ಟಿಗೆ ಇದರಷ್ಟೇ ತೂಕದ್ದು ಬೀಗ. ಮೇಲೆ ಹೇಳಿದ ದತ್ತಾಂಶದಲ್ಲಿ ಶಾಲಾ ದಾಳಿಕೋರರ ಪೈಕಿ ಶೇ. 80ಕ್ಕೂ ಹೆಚ್ಚು ಮಂದಿ ಬಂದೂಕು ಕದ್ದದ್ದು ಮನೆಯವರಿಂದ. 2021ರಲ್ಲಿ ಮಿಷಿಗನ್‌ನ ಆಕ್ಸ್‌ಫರ್ಡ್ ಶಾಲೆಯಲ್ಲಿ ನಾಲ್ವರನ್ನು ಕೊಂದ 15ರ ಹುಡುಗನ ತಂದೆತಾಯಿಗೆ 2024ರಲ್ಲಿ ತಲಾ 10ರಿಂದ 15 ವರ್ಷ ಶಿಕ್ಷೆಯಾಯಿತು. ಪಿಸ್ತೂಲನ್ನು ಅವನಿಗಾಗಿ ಕೊಂಡು, ಭದ್ರವಾಗಿಡದೆ ಬಿಟ್ಟಿದ್ದರು.

ನಿಮ್ಮ ಮಗಳಿಗೆ ಹೇಳಬೇಕಾದದ್ದು ಇಲ್ಲಿಂದಲೇ ಶುರು. ಮೊಮ್ಮಗ ಗೆಳೆಯರ ಮನೆಗೆ ಆಡಲು ಹೋಗುವ ಮುಂಚೆ, ಮನೆಯಲ್ಲಿ ಬಂದೂಕಿದೆಯೇ, ಇದ್ದರೆ ಗುಂಡು ತೆಗೆದು ಬೀಗ ಹಾಕಿದೆಯೇ, ಗುಂಡುಗಳು ಬೇರೆ ಕಡೆ ಇವೆಯೇ ಎಂದು ಕೇಳಲಿ. ನಮ್ಮವರಿಗೆ ಸಂಕೋಚವಾಗುತ್ತದೆ, ಅಲ್ಲಿ ಮಕ್ಕಳ ವೈದ್ಯರೇ ಇದನ್ನು ಕೇಳಿ ಎನ್ನುತ್ತಾರೆ. ತಮ್ಮ ರಾಜ್ಯದಲ್ಲಿ ರೆಡ್ ಫ್ಲಾಗ್ ಅರ್ಜಿಯನ್ನು ಯಾರು ಹಾಕಬಹುದು ಎಂದು ತಿಳಿದಿರಲಿ. ಕನ್ನಡಿಗರು ಸಾಕಷ್ಟಿರುವ ಕ್ಯಾಲಿಫೋರ್ನಿಯಾದಲ್ಲಿ ಮನೆಯವರು, ಸಹೋದ್ಯೋಗಿಗಳು, ಶಿಕ್ಷಕರೂ ಜಿವಿ-100 ಎಂಬ ನಮೂನೆ ತುಂಬಿ ಹಾಕಬಹುದು, ಶುಲ್ಕವಿಲ್ಲ. ತಾತ್ಕಾಲಿಕ ಆದೇಶ 21 ದಿನ, ವಿಚಾರಣೆಯ ನಂತರ ಒಂದರಿಂದ ಐದು ವರ್ಷ. ಫ್ಲೋರಿಡಾದಲ್ಲಿ ಪೊಲೀಸರು ಮಾತ್ರ ಹಾಕಬಹುದು, ಆದ್ದರಿಂದ ಅವರಿಗೇ ಹೇಳಬೇಕು. ಟೆಕ್ಸಾಸಿನಲ್ಲಿ ಈ ಕಾನೂನೇ ಇಲ್ಲ. ಅಲ್ಲಿ ಶಾಲೆಯ ಮಗುವೊಂದರ ಬೆದರಿಕೆಯ ಸಂದೇಶ ಕಂಡರೆ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ, ಹೆಸರು, ಶಾಲೆ ಬರೆದು, ಸ್ಥಳೀಯ ಪೊಲೀಸರಿಗೂ ಎಫ್‌ಬಿಐಗೂ ಎರಡೂ ಕಡೆ ಕೊಡಬೇಕು. ಪಾರ್ಕ್‌ಲ್ಯಾಂಡ್ ದಾಳಿಗೆ ಐದಾರು ವಾರ ಮುಂಚೆ ಎಫ್‌ಬಿಐಗೆ ಬಂದ ಕರೆ ಸ್ಥಳೀಯ ಕಚೇರಿಗೆ ತಲುಪಿರಲಿಲ್ಲ.